ರಕ್ತ ನಿಂತಿತು, ರೋಗ ನಿಂತಿತೇ?

ಮಲದಲ್ಲಿ ರಕ್ತ ಕಂಡರೆ ನಮ್ಮ ಈಸೂರಿನಲ್ಲಿ ಮೊದಲು ಬರುವ ಮಾತು ಮೂಲವ್ಯಾಧಿ. ನಿಮ್ಮ ಊರಲ್ಲೂ ಬೇರೆಯಿರಲಾರದು. ಖಾರ ಬಿಡಿ, ಮಜ್ಜಿಗೆ ಕುಡಿಯಿರಿ ಎಂಬ ಸಲಹೆಗೆ ಬರವಿಲ್ಲ. ಹೆಂಗಸರಂತೂ ನಾಚಿಕೆಯಿಂದ ಮನೆಯವರಿಗೂ ಹೇಳದೆ ತಿಂಗಳುಗಟ್ಟಲೆ ಸಹಿಸುತ್ತಾರೆ. ಕೊನೆಗೆ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೋದಾಗ ವೈದ್ಯರು 'ಬಯಾಪ್ಸಿ' ಎಂದರೆ ಮನೆಮಂದಿಗೆಲ್ಲ ಕ್ಯಾನ್ಸರಿನ ಭಯ.

ಓದುಗರೇ, ಬಯಾಪ್ಸಿ ಬರೆದುಕೊಟ್ಟ ಮಾತ್ರಕ್ಕೆ ಕ್ಯಾನ್ಸರ್ ಎಂದರ್ಥವಲ್ಲ. ದೊಡ್ಡ ಕರುಳಿನ ಒಳಪದರದಿಂದ ಅಕ್ಕಿನುಚ್ಚಿನಷ್ಟು ಚೂರುಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ, ಅಷ್ಟೆ. ಆರೋಗ್ಯವಂತರ ಕರುಳಿನ ಗ್ರಂಥಿಗಳು ಗಾಜಿನ ನಳಿಗೆಗಳನ್ನು ಒತ್ತಾಗಿ ಜೋಡಿಸಿಟ್ಟಂತೆ ನೇರವಾಗಿರುತ್ತವೆ. ಅಲ್ಸರೇಟಿವ್ ಕೊಲೈಟಿಸ್ ಎಂಬ ಕರುಳುರಿತದಲ್ಲಿ ಈ ಸಾಲು ಕೆಡುತ್ತದೆ. ಗ್ರಂಥಿಗಳು ಗಿಡ್ಡವಾಗಿ ಕವಲೊಡೆಯುತ್ತವೆ, ಲೋಳೆ ಸ್ರವಿಸುವ ಕೋಶಗಳು ಕಡಿಮೆಯಾಗುತ್ತವೆ, ಬಿಳಿ ರಕ್ತಕಣಗಳು ಒಳನುಗ್ಗಿ ಕೀವು ಕಟ್ಟುತ್ತದೆ. ನಾಲ್ಕು ದಿನದ ರಕ್ತಭೇದಿಯಲ್ಲೂ ಕೀವು ಕಾಣಬಹುದು. ಗ್ರಂಥಿಗಳ ಆಕಾರ ಸಾಮಾನ್ಯವಾಗಿ ಕೆಡುವುದಿಲ್ಲ. ರೋಗ ಹಳೆಯದೋ ಹೊಸದೋ ಎಂಬುದು ತಿಳಿಯುವುದು ಹೀಗೆ.

ಇದೇ ಗುಂಪಿನ ಇನ್ನೊಂದು ಕಾಯಿಲೆ ಕ್ರೋನ್ಸ್. ಅದರಲ್ಲಿ ಗ್ರಾನ್ಯುಲೋಮಾ ಎಂಬ ಕೋಶಗಳ ಗಂಟುಗಳು ಕಾಣಬಹುದು. ತೊಡಕೆಂದರೆ ಕರುಳಿನ ಕ್ಷಯದಲ್ಲೂ ಅಂಥವೇ ಗಂಟುಗಳು, ಆದರೆ ಹೆಚ್ಚಾಗಿ ದೊಡ್ಡವು. ನಮ್ಮ ದೇಶದಲ್ಲಿ ಕ್ಷಯ ಇನ್ನೂ ಇದೆ. ಕ್ರೋನ್ಸ್‌ಗೆ ಕೊಡುವ ಸ್ಟೀರಾಯ್ಡ್‌ನಂಥ ಔಷಧಿಗಳು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದರಿಂದ ಕ್ಷಯವಿದ್ದವರಿಗೆ ಅಪಾಯ. ಆದ್ದರಿಂದ ವೈದ್ಯರು ಎರಡನೇ ಬಾರಿ ಚೂರು ಕೇಳಿದರೆ ಹಣ ಕೀಳುತ್ತಾರೆಂದು ಗೊಣಗಬೇಡಿ.

ನಾನು ಮುಖ್ಯವಾಗಿ ಹೇಳಬೇಕಾದದ್ದು ಇನ್ನೊಂದಿದೆ. 1956ರಲ್ಲಿ ಇಂಗ್ಲೆಂಡಿನ ಟ್ರೂಲವ್ ಮತ್ತು ರಿಚರ್ಡ್ಸ್ ಎಂಬ ವೈದ್ಯರು ಕೊಲೈಟಿಸ್ ರೋಗಿಗಳ ಬಯಾಪ್ಸಿಗಳನ್ನು ಪರಿಶೀಲಿಸಿದರು. ಕೊಳವೆಯಿಂದ ನೋಡಿದಾಗ ಕರುಳು ಚೆನ್ನಾಗಿಯೇ ಕಂಡ ಕೆಲವರಲ್ಲೂ ಸೂಕ್ಷ್ಮದರ್ಶಕದ ಕೆಳಗೆ ಉರಿಯೂತ ಉಳಿದಿತ್ತು. ಅಂಥವರಲ್ಲಿ ರೋಗ ಮರುಕಳಿಸುವುದು ಹೆಚ್ಚೆಂದು ನಂತರದ ಅಧ್ಯಯನಗಳೂ ಹೇಳಿವೆ. ನಾವೋ, ರಕ್ತ ನಿಂತ ವಾರಕ್ಕೇ ಗುಳಿಗೆಯ ಡಬ್ಬಿಯನ್ನು ಅಟ್ಟಕ್ಕೇರಿಸುತ್ತೇವೆ!

ರಮಝಾನಿನಲ್ಲಿ ಔಷಧಿ ಬಿಡುವವರೂ ಇದ್ದಾರೆ. ರೋಗಿಗೆ ಉಪವಾಸದಿಂದ ವಿನಾಯಿತಿ ಇರುವುದು ಕುರ್‌ಆನಿನಲ್ಲೇ, ಅಲ್ ಬಕರ ಅಧ್ಯಾಯದಲ್ಲಿದೆ. ಗುಣವಾದ ಮೇಲೆ ಆ ದಿನಗಳನ್ನು ಪೂರ್ತಿಗೊಳಿಸಬಹುದು. ಅಲ್ಲಾಹನು ಕೊಟ್ಟ ರಿಯಾಯಿತಿಯನ್ನು ಅತ್ತೆಯೋ ನೆರೆಮನೆಯವರೋ ಏನೆಂದುಕೊಳ್ಳುತ್ತಾರೆಂದು ತಳ್ಳಬೇಕೇ? ರೋಗ ಹತೋಟಿಯಲ್ಲಿರುವವರು ಉಪವಾಸ ಹಿಡಿಯಬಹುದೇ, ಗುಳಿಗೆಯ ಹೊತ್ತನ್ನು ಇಫ್ತಾರ್ ಮತ್ತು ಸಹ್ರಿಗೆ ಹೊಂದಿಸಬಹುದೇ ಎಂದು ಶಅಬಾನ್ ತಿಂಗಳಲ್ಲೇ ವೈದ್ಯರನ್ನು ಕೇಳಿ. ಹೋಗುವಾಗ ಹಳೆಯ ಬಯಾಪ್ಸಿ ವರದಿ ಜೊತೆಯಲ್ಲಿರಲಿ.