ನಕ್ಷೆಯ ಮೇಲೆ ದಾರ ಇಟ್ಟು ನೋಡಿ

ಭಾನುವಾರ ಬೆಳಿಗ್ಗೆ ದೋಸೆ ತಿಂದು ಕೈ ತೊಳೆದವಳೇ ಆ ಹುಡುಗಿ ಶಾಲೆಯ ಅಟ್ಲಾಸನ್ನು ನಡುಮನೆಯಲ್ಲಿ ಬಿಚ್ಚಿಕೊಂಡು ಕೂತಳು. ಬೆಂಗಳೂರಿನ ಮಧ್ಯಮ ವರ್ಗದ ಮನೆ. ಹುಡುಗಿ ಈಗ ಒಂಬತ್ತನೇ ತರಗತಿ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಆಮೇಲೆ ಪಿಯುಸಿ, ಸಿಇಟಿ. ಮೂರು ವರ್ಷ ಯಾರೂ ಪ್ರವಾಸದ ಮಾತೆತ್ತುವಂತಿಲ್ಲ. ಆದ್ದರಿಂದ ಈ ದಸರಾ ರಜೆಯಲ್ಲೇ ದೇಶ ನೋಡಿ ಬರೋಣವೆಂದು ಅಪ್ಪ ಹದಿನಾರು ದಿನದ ರಜೆ ಕೂಡಿಸಿಟ್ಟಿದ್ದಾರೆ. ಅಮ್ಮ ಚೀಟಿ ಎತ್ತಿ ಹಣ ಹೊಂದಿಸಿದ್ದಾರೆ.

ಹುಡುಗಿಯ ಪಟ್ಟಿಯಲ್ಲಿ ನಾಲ್ಕು ಹೆಸರುಗಳು: ಲೇಹ್, ಜೈಸಲ್ಮೇರ್, ಚಿರಾಪುಂಜಿ, ಅಂಡಮಾನ್. ಹಿಮ, ಮರಳು, ಮಳೆ, ಹವಳ. ‘ಒಂದೊಂದಕ್ಕೆ ನಾಲ್ಕು ದಿನ. ನಾಲ್ಕು ನಾಲ್ಕಲಿ ಹದಿನಾರು, ಸರಿಹೋಯಿತಲ್ಲ ಅಪ್ಪ!’ ಎಂದಳು. ಮಗ್ಗಿ ಸರಿಯಾಗಿಯೇ ಇದೆ. ತಪ್ಪಿರುವುದು ಬೇರೆ ಕಡೆ.

ದಾರ ಹೇಳಿದ ಲೆಕ್ಕ

ಅಮ್ಮ ಹೊಲಿಗೆ ಡಬ್ಬಿಯಿಂದ ಒಂದು ಮೊಳ ದಾರ ತಂದು ಕೊಟ್ಟರು. ಬೆಂಗಳೂರಿನಿಂದ ಲೇಹ್, ಅಲ್ಲಿಂದ ಜೈಸಲ್ಮೇರ್, ಚಿರಾಪುಂಜಿ, ಅಂಡಮಾನಿನ ಪೋರ್ಟ್ ಬ್ಲೇರ್, ಮತ್ತೆ ಬೆಂಗಳೂರು. ಹೀಗೆ ದಾರವನ್ನು ನಕ್ಷೆಯ ಮೇಲೆ ಹಾಯಿಸಿ, ಅಟ್ಲಾಸಿನ ಅಳತೆಪಟ್ಟಿಯ ಮೇಲೆ ಇಟ್ಟು ಲೆಕ್ಕ ಹಾಕಿದಾಗ ಬಂದ ಮೊತ್ತ ಸುಮಾರು 8,600 ಕಿ.ಮೀ. ಉತ್ತರದಿಂದ ದಕ್ಷಿಣಕ್ಕೆ ಭಾರತದ ಉದ್ದವೇ 3,214 ಕಿ.ಮೀ. ಅಂದರೆ ಹುಡುಗಿಯ ಪಟ್ಟಿ ಇಡೀ ದೇಶದ ಉದ್ದವನ್ನು ಎರಡೂವರೆ ಸಲಕ್ಕಿಂತ ಹೆಚ್ಚು ಅಳೆಯುತ್ತದೆ!

ಇದೂ ಹಕ್ಕಿ ಹಾರುವ ದಾರಿ. ರೈಲು ಹಕ್ಕಿಯಲ್ಲ. ನಮ್ಮ ದೇಶದ ಅತಿ ದೂರದ ರೈಲು ವಿವೇಕ್ ಎಕ್ಸ್‌ಪ್ರೆಸ್ ಅಸ್ಸಾಮಿನ ದಿಬ್ರುಗಢದಿಂದ ಕನ್ಯಾಕುಮಾರಿಗೆ ಬರುತ್ತದೆ. ಸರಳರೇಖೆಯಲ್ಲಿ ಅಳೆದರೆ ಎರಡೂ ಊರಿನ ನಡುವೆ 2,800 ಚಿಲ್ಲರೆ ಕಿ.ಮೀ. ಹಳಿಯ ಮೇಲೆ ಅದು 4,100 ಕಿ.ಮೀ. ದಾಟುತ್ತದೆ, ಹಿಡಿಯುವ ಕಾಲ ಮೂರು ದಿನಕ್ಕೂ ಹೆಚ್ಚು. ನದಿ, ಬೆಟ್ಟ, ಜಂಕ್ಷನ್ನುಗಳನ್ನು ಸುತ್ತಿ ಬರಬೇಕಲ್ಲ! ದಾರದ ಅಳತೆಗೆ ಕಾಲು ಭಾಗದಿಂದ ಅರ್ಧದವರೆಗೆ ಸೇರಿಸಿಕೊಂಡರೆ ರೈಲು ದಾರಿಯ ಒಂದು ಅಂದಾಜು ಸಿಗುತ್ತದೆ. ಪ್ರವಾಸದಲ್ಲಿ ದೂರವನ್ನು ಕಿಲೋಮೀಟರಿನಲ್ಲಲ್ಲ, ರಾತ್ರಿಗಳಲ್ಲಿ ಎಣಿಸುವುದು ಜಾಣತನ. ದೆಹಲಿಗೆ ಎರಡು ರಾತ್ರಿ, ದೆಹಲಿಯಿಂದ ಜೈಸಲ್ಮೇರಿಗೆ ಒಂದು ರಾತ್ರಿ, ಹೀಗೆ.

ತಿಂಗಳು ಹೇಳಿದ ಲೆಕ್ಕ

ಎರಡನೆಯ ಜರಡಿ ಹವಾಮಾನದ್ದು. ಒಂದೇ ತಿಂಗಳಲ್ಲಿ ನಾಲ್ಕೂ ಕಡೆ ಹಿತವಾಗಿರುವುದು ಸಾಧ್ಯವೇ? ಮೇ ತಿಂಗಳಲ್ಲಿ ಜೈಸಲ್ಮೇರ್ 40 ಡಿಗ್ರಿ ಮೀರಿ ಕಾಯುತ್ತದೆ. ಜನವರಿಯಲ್ಲಿ ಅಲ್ಲಿ ಸೊಗಸು, ಆದರೆ ಲೇಹ್‌ನಲ್ಲಿ ನೀರಿನ ಕೊಳಾಯಿಯೇ ಹೆಪ್ಪುಗಟ್ಟುತ್ತದೆ. ಮುಂಗಾರು ರಾಜಸ್ಥಾನದ ಪಶ್ಚಿಮ ತುದಿಯಿಂದ ಸೆಪ್ಟೆಂಬರ್ ನಡುವೆ ಹಿಂದೆ ಸರಿಯತೊಡಗಿ, ಅಕ್ಟೋಬರ್ ನಡುವಿನ ಹೊತ್ತಿಗೆ ದೇಶ ಬಿಡುವುದು ವಾಡಿಕೆ. ಆದ್ದರಿಂದ ದಸರಾ ಅಕ್ಟೋಬರಿನಲ್ಲಿ ಬೀಳುವ ವರ್ಷ ಉತ್ತರದ ಪ್ರವಾಸಕ್ಕೆ ಒಳ್ಳೆಯದು. ಆಕಾಶ ತೊಳೆದಿಟ್ಟಂತಿರುತ್ತದೆ.

ಆದರೆ ಅದೇ ಹೊತ್ತಿಗೆ ಬಂಗಾಳಕೊಲ್ಲಿಯಲ್ಲಿ ಚಂಡಮಾರುತದ ಕಾಲ ಆರಂಭ. ಚೆನ್ನೈಯಿಂದ ಪೋರ್ಟ್ ಬ್ಲೇರಿಗೆ ಹಡಗಿನಲ್ಲಿ ಎರಡೂವರೆ ದಿನ ಬೇಕು. ಸಮುದ್ರ ಮುನಿದರೆ ಅದೂ ಖಾತ್ರಿಯಿಲ್ಲ. ಅಂಡಮಾನಿನ ಮೇಲೆ ಪೆನ್ಸಿಲ್ ಗೀಟು ಬಿತ್ತು.

ಚಿರಾಪುಂಜಿಯ ಮಾತು ಬೇರೆ. ಅಲ್ಲಿ ವರ್ಷಕ್ಕೆ 11,000 ಮಿ.ಮೀ. ಮೀರಿ ಮಳೆ. ಬಂಗಾಳಕೊಲ್ಲಿಯ ತೇವದ ಗಾಳಿ ಬಾಂಗ್ಲಾದೇಶದ ಬಯಲು ದಾಟಿ ಖಾಸಿ ಬೆಟ್ಟಕ್ಕೆ ತಾಗಿ ಮೇಲೇರುತ್ತದೆ, ತಣಿಯುತ್ತದೆ, ಸುರಿಯುತ್ತದೆ. ಆ ಸುರಿಮಳೆಯನ್ನು ನೋಡಬೇಕಾದರೆ ಜೂನ್, ಜುಲೈಯಲ್ಲೇ ಹೋಗಬೇಕು. ಇದೇ ಪಾಠವನ್ನು ಅರಬ್ಬಿ ಸಮುದ್ರದ ಗಾಳಿ ನಮ್ಮ ಆಗುಂಬೆಯಲ್ಲಿ ಹೇಳಿಕೊಡುತ್ತದೆ, ಅದೂ ಒಂದು ರಾತ್ರಿಯ ಬಸ್ಸಿನ ದೂರದಲ್ಲಿ. ಮುಂದಿನ ಮಳೆಗಾಲದಲ್ಲಿ ಎರಡು ದಿನ ಬಿಡುವು ಮಾಡಿಕೊಂಡರೆ ಸಾಕು. ಹುಡುಗಿ ಸ್ವಲ್ಪ ಮುಖ ಸಣ್ಣದು ಮಾಡಿಕೊಂಡೇ ಇನ್ನೊಂದು ಗೀಟು ಎಳೆದಳು.

ದೇಹ ಹೇಳಿದ ಲೆಕ್ಕ

ಉಳಿದವು ಲೇಹ್ ಮತ್ತು ಜೈಸಲ್ಮೇರ್. ಈಗ ಅಪ್ಪನ ಸರದಿ. ‘ದೆಹಲಿಯಿಂದ ಬೆಳಿಗ್ಗೆ ವಿಮಾನ. ಮರುದಿನವೇ ಖಾರ್ದುಂಗ್ ಲಾ ಕಣಿವೆ ನೋಡಿ, ಮೂರನೇ ದಿನ ವಾಪಸು. ಮೂರು ದಿನ ಉಳಿಯಿತಲ್ಲ! ಅದರಲ್ಲಿ ಜೈಪುರ, ಆಗ್ರಾ ಎರಡೂ ಆಗುತ್ತವೆ’ ಎಂದರು. ನೋಡಲು ಬುದ್ಧಿವಂತಿಕೆಯ ಲೆಕ್ಕವೇ. ಆದರೆ ಇಡೀ ಯೋಜನೆಯಲ್ಲಿ ಜೀವಕ್ಕೆ ಅಪಾಯ ತರಬಲ್ಲ ಲೆಕ್ಕ ಇದೊಂದೇ.

ಎತ್ತರದಲ್ಲಿ ಆಮ್ಲಜನಕದ ಪಾಲು ಕಡಿಮೆಯಾಗುತ್ತದೆಂದು ಬಹಳ ಜನ ತಿಳಿದಿದ್ದಾರೆ. ಅದು ಸರಿಯಲ್ಲ. ಬೆಂಗಳೂರಿರಲಿ, ಲೇಹ್ ಇರಲಿ, ಗಾಳಿಯಲ್ಲಿ ಆಮ್ಲಜನಕ ಶೇಕಡ 21ರಷ್ಟೇ. ಕಡಿಮೆಯಾಗುವುದು ಗಾಳಿಯ ಒತ್ತಡ. ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಅಲ್ಲಿನ ಒತ್ತಡ ಸಮುದ್ರಮಟ್ಟದ ಒತ್ತಡದ ಮೂರನೇ ಎರಡು ಭಾಗಕ್ಕಿಂತ ತುಸು ಕಡಿಮೆ. ಒಂದು ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ. ಒತ್ತಡ ಕುಗ್ಗಿದ್ದರಿಂದ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ಕುಕ್ಕರ್ ಇಲ್ಲದೆ ಬೇಳೆ ಬೇಯುವುದು ಕಷ್ಟ.

ದೇಹ ಈ ಕೊರತೆಗೆ ಒಗ್ಗಿಕೊಳ್ಳಬಲ್ಲದು, ಆದರೆ ಅದಕ್ಕೆ ಸಮಯ ಕೊಡಬೇಕು. ವಿಮಾನ ಒಂದೂವರೆ ಗಂಟೆಯಲ್ಲಿ ದೆಹಲಿಯ ಬಯಲಿನಿಂದ ಲೇಹ್‌ಗೆ ಎತ್ತಿಹಾಕುತ್ತದೆ. ಮೊದಲ ಎರಡು ದಿನ ತಲೆನೋವು, ವಾಕರಿಕೆ, ಸುಸ್ತು, ನಿದ್ದೆ ಬಾರದಿರುವುದು ಸಾಮಾನ್ಯ. ಈ ಸ್ಥಿತಿಯಲ್ಲಿ 5,359 ಮೀಟರ್ ಎತ್ತರದ ಖಾರ್ದುಂಗ್ ಲಾ ಕಣಿವೆಗೆ ಹೊರಟರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು, ಮಿದುಳು ಬಾತುಕೊಳ್ಳಬಹುದು. ಆಗ ಇರುವ ದೊಡ್ಡ ಮದ್ದು ಒಂದೇ: ತಡಮಾಡದೆ ಕೆಳಗಿಳಿಯುವುದು. ಗಟ್ಟಿಮುಟ್ಟಾದ ಆಟಗಾರನಿಗೂ ಇದರಿಂದ ವಿನಾಯಿತಿ ಇಲ್ಲ. ಮಕ್ಕಳಂತೂ ‘ತಲೆನೋವು’ ಎಂದರೆ ಎಲ್ಲಿ ಪ್ರವಾಸ ನಿಲ್ಲುತ್ತದೋ ಎಂದು ಹೇಳದೆ ಮುಚ್ಚಿಡುತ್ತಾರೆ. ತಂದೆತಾಯಿ ಇದನ್ನು ಹೊರಡುವ ಮೊದಲೇ ಮಾತಾಡಿಕೊಳ್ಳಬೇಕು. ಹೇಳಿದರೆ ಯಾರೂ ಬೈಯುವುದಿಲ್ಲ ಎಂಬ ಧೈರ್ಯ ಮಕ್ಕಳಿಗೆ ಇರಬೇಕು. ಮನೆಯಲ್ಲಿ ಹೃದಯದ, ಉಸಿರಾಟದ ತೊಂದರೆ ಇರುವವರು ಟಿಕೆಟ್ ಕೊಳ್ಳುವ ಮುನ್ನವೇ ವೈದ್ಯರನ್ನು ಕಾಣಬೇಕು. ಮಾತ್ರೆ ಬೇಕೇ ಬೇಡವೇ ಎಂಬುದನ್ನೂ ಅವರೇ ಹೇಳಬೇಕು, ಪಕ್ಕದ ಮನೆಯವರಲ್ಲ.

ಅಮ್ಮ ಹೇಳಿದರು: ‘ಉಳಿದ ಮೂರು ದಿನ ಲೇಹ್‌ಗೇ ಇರಲಿ.’ ಅಪ್ಪ ಮರುಮಾತಾಡಲಿಲ್ಲ. ಜೈಪುರ, ಆಗ್ರಾ ಅಟ್ಲಾಸಿನಲ್ಲೇ ಉಳಿದವು.

ಕೊನೆಗೆ ನಿಂತ ಯೋಜನೆ

ಮೊದಲ ದಿನ ಸಂಜೆ ರೈಲು, ಮೂರನೇ ದಿನ ದೆಹಲಿ. ನಾಲ್ಕನೇ ದಿನ ವಿಮಾನದಲ್ಲಿ ಲೇಹ್. ಆ ದಿನ, ಮರುದಿನ ಬರೀ ವಿಶ್ರಾಂತಿ. ಆರನೇ ದಿನ ಊರಿನ ಸುತ್ತಮುತ್ತ, ಸಿಂಧೂ ನದಿಯ ದಡ. ಏಳನೇ ದಿನ, ಎಲ್ಲರೂ ಆರೋಗ್ಯವಾಗಿದ್ದರೆ ಮಾತ್ರ, ಖಾರ್ದುಂಗ್ ಲಾ ದಾಟಿ ನುಬ್ರಾ ಕಣಿವೆ. ಅಲ್ಲಿ ಮಲಗುವ ಜಾಗ ಲೇಹ್‌ಗಿಂತ ತಗ್ಗಿನಲ್ಲಿದೆ. ಹಗಲು ಎತ್ತರಕ್ಕೆ ಹತ್ತಿದರೂ ರಾತ್ರಿ ತಗ್ಗಿನಲ್ಲಿ ಮಲಗಬೇಕೆಂಬುದು ಪರ್ವತಾರೋಹಿಗಳ ಹಳೆಯ ನಿಯಮ. ಎಂಟಕ್ಕೆ ವಾಪಸು ಲೇಹ್. ಒಂಬತ್ತನೇ ದಿನ ಖಾಲಿ. ಹವೆ ಕೆಟ್ಟರೆ ವಿಮಾನ ಹಾರದ ಊರದು, ಒಂದು ದಿನ ಕೈಯಲ್ಲಿರಬೇಕು. ಹತ್ತರಂದು ದೆಹಲಿ, ಸಂಜೆಯೇ ರೈಲು. ಹನ್ನೊಂದರಿಂದ ಹದಿಮೂರು ಜೈಸಲ್ಮೇರ್. ಹದಿನಾರನೇ ದಿನ ಬೆಳಿಗ್ಗೆ ಬೆಂಗಳೂರು. ಆರು ರಾತ್ರಿ ರೈಲಿನಲ್ಲೇ ಕಳೆಯುತ್ತವೆ.

ಲೇಹ್ ಮೊದಲು ಯಾಕೆ? ದಿನ ಕಳೆದಂತೆ ಅಲ್ಲಿ ಚಳಿ ಏರುತ್ತದೆ, ಜೈಸಲ್ಮೇರಿನಲ್ಲಿ ಬಿಸಿಲು ಇಳಿಯುತ್ತದೆ. ಆದರೂ ಒಂದೇ ಪೆಟ್ಟಿಗೆಯಲ್ಲಿ ಸ್ವೆಟರೂ ಬೇಕು, ತೆಳು ಹತ್ತಿಬಟ್ಟೆಯೂ ಬೇಕು. ಲೇಹ್‌ನ ರಾತ್ರಿ ಸೊನ್ನೆ ಡಿಗ್ರಿಯ ಆಸುಪಾಸು, ಜೈಸಲ್ಮೇರಿನ ಹಗಲು 35ರ ಆಸುಪಾಸು. ರೈಲಿನ ಮುಂಗಡ ಟಿಕೆಟ್ 2024ರ ನವೆಂಬರಿನಿಂದ 60 ದಿನ ಮೊದಲಷ್ಟೇ ತೆರೆಯುತ್ತದೆ. ಆ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಬೇಕು.

ಎರಡು ಊರು ಬಿಟ್ಟುಹೋಯಿತೆಂದು ಹುಡುಗಿಗೆ ಬೇಸರವಿತ್ತು. ಆದರೆ ಉಳಿದ ಎರಡರ ಬಗ್ಗೆ ಓದತೊಡಗಿದಾಗ ಅವಳಿಗೊಂದು ಸಂಗತಿ ಹೊಳೆಯಿತು. ಎರಡೂ ಮರುಭೂಮಿಗಳೇ! ಜೈಸಲ್ಮೇರಿಗೆ ವರ್ಷಕ್ಕೆ ಸುಮಾರು 200 ಮಿ.ಮೀ. ಮಳೆ, ಲೇಹ್‌ಗೆ ಅದರ ಅರ್ಧ. ಲೇಹ್‌ಗೆ ಹಿಮಾಲಯ ಅಡ್ಡ ನಿಂತು ಮುಂಗಾರನ್ನು ತಡೆಯುತ್ತದೆ. ರಾಜಸ್ಥಾನದಲ್ಲಿ ಅರಾವಳಿ ಬೆಟ್ಟಸಾಲು ಗಾಳಿಗೆ ಅಡ್ಡ ನಿಲ್ಲದೆ ಅದರ ಜೊತೆಗೇ ಸಾಗಿ ಮಳೆಯನ್ನು ಬಿಟ್ಟುಕೊಡುತ್ತದೆ. ಒಂದು ಕಡೆ ಬೆಟ್ಟ ಅಡ್ಡ ಬಂದದ್ದು ಕಾರಣ, ಇನ್ನೊಂದು ಕಡೆ ಅಡ್ಡ ಬಾರದ್ದು ಕಾರಣ! ನುಬ್ರಾದ ಹುಂಡರ್‌ನಲ್ಲಿ ಮರಳುದಿಬ್ಬಗಳಿವೆ, ಎರಡು ಡುಬ್ಬದ ಒಂಟೆಗಳಿವೆ. ಜೈಸಲ್ಮೇರಿನ ಸಮ್ ದಿಬ್ಬಗಳಲ್ಲಿ ಒಂದೇ ಡುಬ್ಬದವು. ಜೈಸಲ್ಮೇರಿನ ಸಮೀಪದ ಆಕಲ್‌ನಲ್ಲಿ ಸುಮಾರು 18 ಕೋಟಿ ವರ್ಷ ಹಿಂದಿನ ಮರಗಳು ಕಲ್ಲಾಗಿ ಮಲಗಿವೆ. ಒಮ್ಮೆ ಅಲ್ಲಿ ಕಾಡಿತ್ತು.

ಇನ್ನೂ ಒಂದು ಕೊಂಡಿ ಇದೆ. ಲೇಹ್‌ನ ಪಕ್ಕ ಹರಿಯುವುದು ಸಿಂಧೂ. ಅದೇ ಸಿಂಧೂ ಬಳಗದ ಸಟ್ಲೆಜ್, ಬಿಯಾಸ್ ನದಿಗಳ ನೀರು ಪಂಜಾಬಿನ ಹರಿಕೆಯಿಂದ ಹೊರಟು, ಇಂದಿರಾ ಗಾಂಧಿ ಕಾಲುವೆಯಲ್ಲಿ ಆರುನೂರಕ್ಕೂ ಹೆಚ್ಚು ಕಿ.ಮೀ. ಹರಿದು ಜೈಸಲ್ಮೇರ್ ಜಿಲ್ಲೆಯನ್ನು ಮುಟ್ಟುತ್ತದೆ. ಹಿಮಾಲಯದ ಮಂಜು ಕರಗಿದ ನೀರನ್ನೇ ಥಾರ್ ಮರುಭೂಮಿಯೂ ಕುಡಿಯುತ್ತಿದೆ. ನಾಲ್ಕು ಊರಿಗೆ ಓಡಾಡಿದ್ದರೆ ಈ ಕೊಂಡಿ ಕಣ್ಣಿಗೆ ಬೀಳುತ್ತಿರಲಿಲ್ಲ. ನೋಡುವ ಊರು ಕಡಿಮೆಯಾದಷ್ಟೂ ಊರಿಗೂ ಊರಿಗೂ ಇರುವ ನಂಟು ಕಾಣುತ್ತದೆ.

ನಿಮ್ಮ ಮನೆಯಲ್ಲೂ ಒಂದು ಪಟ್ಟಿ ಇದ್ದೀತು. ಈ ಭಾನುವಾರ ಅದರ ಮೇಲೆ ದಾರ ಇಟ್ಟು ನೋಡಿ. ಹಾಗೆಯೇ ಒಂದು ಚಿಕ್ಕ ಕೆಲಸ: ಅಟ್ಲಾಸಿನಲ್ಲಿ ಬೆಂಗಳೂರು ಮತ್ತು ಲೇಹ್ ಎರಡರ ರೇಖಾಂಶ ಹುಡುಕಿ. ಎರಡೂ ಊರುಗಳಲ್ಲಿ ಸೂರ್ಯ ಹೆಚ್ಚುಕಡಿಮೆ ಒಂದೇ ಗಳಿಗೆಗೆ ನಡುನೆತ್ತಿಯ ರೇಖೆಗೆ ಬರುತ್ತಾನೆ. ಯಾಕೆ ಎಂದು ಅಪ್ಪ ಅಮ್ಮನಿಗೆ ನೀವೇ ವಿವರಿಸಿ ಹೇಳಿ.