ಪಾರ್ಕ್ ಯಾರದ್ದು? ಬೋರ್ಡ್ ಓದಿ ಹೇಳಿ

1/
ನಿಮ್ಮ ಏರಿಯಾ ಪಾರ್ಕ್ ಗೇಟಿನ ಬೋರ್ಡ್ ಒಮ್ಮೆ ಓದಿ. ಆಟ ಆಡಬೇಡಿ. ಹುಲ್ಲಿನ ಮೇಲೆ ಕೂರಬೇಡಿ. ಸೈಕಲ್ ತರಬೇಡಿ. ಗುಂಪು ಸೇರಬೇಡಿ. ಕೋಪ ಬರತ್ತೆ ಅಲ್ವಾ? ಬಂದ್ರೆ ಏನ್ ಮಾಡ್ತೀರಾ? 'ವಾಕಿಂಗ್ ಅಂಕಲ್' ಮೀಮ್ ಹಾಕ್ತೀರಾ. ಗುರೂ, ಆ ಪಾರ್ಕಿನ ನಕ್ಷೆ ಬರೆದಿದ್ದು ಅಂಕಲ್ ಅಲ್ಲ. ಅವರಿಗೂ ಅದು ಸರಿಹೋಗಿಲ್ಲ.

2/
ಬಹಳಷ್ಟು ಪಾರ್ಕ್‌ಗಳ ಲೆಕ್ಕ ಒಂದೇ. ಸುತ್ತ ವಾಕಿಂಗ್ ಟ್ರ್ಯಾಕ್, ಒಂದು ಮೂಲೇಲಿ ಜಾರುಬಂಡೆ, ಇನ್ನೊಂದು ಮೂಲೇಲಿ ಓಪನ್ ಜಿಮ್, ನಡುವೆ ಮುಟ್ಟಬಾರದ ಹುಲ್ಲು. ವಯಸ್ಸಿಗೊಂದು ಮೂಲೆ. ನಮ್ಮ ವಯಸ್ಸಿಗೆ ಅದೂ ಇಲ್ಲ. ಮೊಮ್ಮಗುನ ಆಡಿಸೋಕೆ ಬಂದ ಅಜ್ಜಿ ನಿಂತೇ ಇರ್ಬೇಕು, ಯಾಕಂದ್ರೆ ಬೆಂಚ್ ಇರೋದು ಆ ಕಡೆ ಬಿಸಿಲಲ್ಲಿ. ಬೆನ್ನಿಗೆ ಒರಗು ಇಲ್ಲ, ಕೈ ಊರಿ ಏಳೋಕೆ ಹಿಡಿ ಇಲ್ಲ. ಶೌಚಾಲಯ ಇದ್ರೂ ಅದಕ್ಕೆ ಬೀಗ.

3/
"ಎಲ್ಲರನ್ನೂ ಒಟ್ಟಿಗೆ ಬಿಟ್ರೆ ಚೆಂಡು ತಗುಲತ್ತೆ" ಅಂತಾರೆ. ಆ ಭಯ ನಿಜ. ಕ್ರಿಕೆಟ್‌ಗೆ ಬೇರೆ ಮೈದಾನವೇ ಬೇಕು. ಆದ್ರೆ ಕೂರೋಕೆ, ಓದೋಕೆ, ಹರಟೋಕೆ ಯಾಕೆ ಬೇಲಿ? ಹಳ್ಳಿಯ ಅರಳಿಕಟ್ಟೆ ನೋಡಿ. ಒಂದು ಮರ, ಸುತ್ತ ಕಲ್ಲಿನ ಕಟ್ಟೆ. ತಾತಂದಿರ ಹರಟೆ ಪಕ್ಕದಲ್ಲೇ ಮಕ್ಕಳ ಆಟ. ಹಾಗಂತ ಕಟ್ಟೇನ ಹೊಗಳಿ ಅಟ್ಟಕ್ಕೇರಿಸಲ್ಲ. ಎಷ್ಟೋ ಕಡೆ ಹೆಂಗಸರಿಗೆ, ದಲಿತರಿಗೆ ಅಲ್ಲಿ ಜಾಗ ಇರ್ಲಿಲ್ಲ. ನೆರಳು ತಗೊಳ್ಳೋಣ, ಆ ಭೇದ ಅಲ್ಲೇ ಬಿಡೋಣ.

4/
"ರೂಲ್ಸ್ ಬದಲಾಗಲ್ಲ" ಅನ್ನೋರಿಗೆ: ಬೆಂಗಳೂರಲ್ಲಿ ಪಾಲಿಕೆ ಪಾರ್ಕ್‌ಗಳಿಗೆ ಹಗಲಲ್ಲೇ ಬೀಗ ಬೀಳ್ತಿತ್ತು. ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡ್ತೀವಿ ಅಂತ 2024ರಲ್ಲಿ ಘೋಷಣೆ ಆಯ್ತು. ಉದ್ಯಾನ, ಆಟದ ಮೈದಾನ ಉಳಿಸೋಕೆ ರಾಜ್ಯದಲ್ಲಿ 1985ರ ಕಾಯ್ದೆಯೇ ಇದೆ. ಜಾಗ ಉಳಿದ್ರೆ ಸಾಕಾ? ಕಾಮರ್ಸ್ ಓದೋರು ನೀವೇ ಹೇಳಿ: ಬಳಸದ ಆಸ್ತಿಗೂ ಖರ್ಚು ಬೀಳತ್ತೆ ತಾನೇ? ಆ ಖರ್ಚು ನಮ್ಮನೆ ತೆರಿಗೆಯಿಂದಾನೇ.

5/
ಕೇಳಬೇಕಾಗಿರೋದು ದೊಡ್ಡದೇನಲ್ಲ. ಜಾರುಬಂಡೆ ಎದುರಿಗೇ ನೆರಳಲ್ಲಿ ಒರಗು ಇರೋ ಬೆಂಚು. ಬೀಗ ಇಲ್ಲದ ಶೌಚಾಲಯ. ಹತ್ತು ಜನ ಎದುರುಬದುರು ಕೂರೋ ಒಂದು ಕಟ್ಟೆ, ಸಂಜೆಗೆ ಅದಕ್ಕೊಂದು ಲೈಟು. ನಾವು ಮಾತ್ರ ಹೋಗಿ ಕೇಳಿದ್ರೆ 'ಹುಡುಗ್ರ ಗಲಾಟೆ' ಅಂತಾರೆ, ಹಿರಿಯರು ಮಾತ್ರ ಕೇಳಿದ್ರೆ 'ನೋಡೋಣ ಸಾರ್' ಅಂತಾರೆ. ಅದಕ್ಕೇ ಒಂದೇ ಅರ್ಜಿ ಬರೀರಿ, ಇಬ್ಬರೂ ಸಹಿ ಹಾಕಿ. ನಾಳೆ ಬೆಳಿಗ್ಗೆ ಟ್ರ್ಯಾಕಲ್ಲಿ ಸಿಗೋ ಆ ಅಂಕಲ್‌ಗೆ ಮೊದಲು ನಮಸ್ಕಾರ ಹೇಳಿ, ಆಮೇಲೆ ಪೆನ್ ಕೊಡಿ.

ನಿಮ್ಮ ಪಾರ್ಕ್ ಬೋರ್ಡಲ್ಲಿ ಎಷ್ಟು 'ಬೇಡ' ಇದೆ? ಕಾಮೆಂಟಲ್ಲಿ ಎಣಿಸಿ ಹಾಕಿ.

#ಪಾರ್ಕ್‌ಯಾರದ್ದು #ಬೇಡಬೋರ್ಡ್