ಕೆರೆಗೆ ಬಿಟ್ಟ ಕ್ಯಾಟ್‌ಫಿಶ್ ನದಿಗೂ ಬಿಟ್ಟಂತೆಯೇ

ಕೋಲಾರ ಜಿಲ್ಲೆಯಲ್ಲಿ ಪಾಲಾರ್ ನದಿಯು ಕೆರೆಗಳ ರೂಪದಲ್ಲಿಯೇ ಬದುಕಿದೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಅದು ಕೋಡಿಯಿಂದ ಕೋಡಿಗೆ ಇಳಿದು, ಕೆ.ಜಿ.ಎಫ್. ಗಣಿ ಪಟ್ಟಣಕ್ಕೆ ತಲೆಮಾರುಗಳ ಕಾಲ ಕುಡಿಯುವ ನೀರು ಕೊಟ್ಟ ಬೇತಮಂಗಲ ಕೆರೆಯನ್ನು ತುಂಬಿ, ಆಂಧ್ರವನ್ನು ಹಾಯ್ದು ತಮಿಳುನಾಡಿನಲ್ಲಿ ಕಡಲು ಸೇರುತ್ತದೆ. ಬಂಗಾರಪೇಟೆಯ ಯಾವುದೋ ಕೆರೆಗೆ ಒಬ್ಬನು ಗುಟ್ಟಾಗಿ ಬಿಟ್ಟ ಮೀನುಮರಿಗೆ ಈ ದಾರಿಯೆಲ್ಲ ತೆರೆದಿದೆ.

ಆಫ್ರಿಕನ್ ಕ್ಯಾಟ್‌ಫಿಶ್ 1990ರ ದಶಕದಲ್ಲಿ ಅನುಮತಿಯಿಲ್ಲದೆ ಭಾರತಕ್ಕೆ ಬಂದಿತು. ಕೇಂದ್ರ ಸರ್ಕಾರ 2000ದಲ್ಲಿ ಅದರ ಸಾಕಣೆಯನ್ನು ನಿಷೇಧಿಸಿತು. ಆದರೂ ಕೋಳಿ ಅಂಗಡಿಯ ತ್ಯಾಜ್ಯವನ್ನು ಸುರಿದು ಅದನ್ನು ಸಾಕುವ ಹೊಂಡಗಳು ಇಲ್ಲವಾಗಿಲ್ಲ.

ಸಾಕುವವರ ಮೊದಲ ವಾದ, ಹಿಡಿದು ತಿಂದರೆ ಮುಗಿಯಿತು ಎಂಬುದು. ಈ ಮೀನನ್ನು ಕಂಡುಹಿಡಿಯುವುದು ಕಷ್ಟವಲ್ಲ. ಗಾಳಿ ಸೇವಿಸಲು ಅದು ಮೇಲೆದ್ದಾಗ ನೀರು ಕಲಕುತ್ತದೆ, ಗುಳ್ಳೆಗಳು ಏಳುತ್ತವೆ. ಕೋಳಿಕರುಳು ಸಿಕ್ಕಿಸಿದ ಗಾಳಕ್ಕೆ ಇರುಳಿನಲ್ಲಿ ಬೀಳುತ್ತದೆ. ಕಷ್ಟವಿರುವುದು ಅದನ್ನು ಮುಗಿಸುವುದರಲ್ಲಿ. ಒಂದು ಹೆಣ್ಣು ಹತ್ತಾರು ಸಾವಿರ ಮೊಟ್ಟೆಗಳನ್ನು ಇಡುತ್ತದೆ. ಕೆರೆ ಬತ್ತಿದರೆ ಕೆಸರಿನೊಳಗೆ ಅಡಗುತ್ತದೆ. ಮಳೆ ಬಿದ್ದರೆ ತೇವದ ನೆಲದ ಮೇಲೆ ತೆವಳಿ ಪಕ್ಕದ ಹೊಂಡ ಸೇರುತ್ತದೆ. ಇಂತಹುದನ್ನು ಗಾಳದಿಂದ ನಿರ್ಮೂಲ ಮಾಡುವೆವೆಂಬುದು ಭ್ರಮೆ.

ಎರಡನೆಯ ವಾದ, ಇದು ಬಡವರ ಅಗ್ಗದ ಆಹಾರವೆಂಬುದು. ಗಿರ್ಲು, ಕೊರವ, ಚೇಳುಮೀನು ಕೆರೆಯಲ್ಲಿ ತಾವಾಗಿಯೇ ಬೆಳೆದು ಬಡವರಿಗೆ ಪುಕ್ಕಟೆಯಾಗಿ ದೊರೆಯುತ್ತಿದ್ದವು. ಒಂದು ಮೀಟರಿಗೂ ಮೀರಿ ಬೆಳೆಯುವ ಈ ಹೊಟ್ಟೆಬಾಕ ಆ ಮೀನುಗಳ ಮರಿಗಳನ್ನೂ ಕಪ್ಪೆಗಳನ್ನೂ ನುಂಗುತ್ತದೆ. ಬಡವನ ಬುಟ್ಟಿಯಿಂದ ಕಸಿದುದನ್ನು ಅವನಿಗೇ ಮಾರುವುದು ಉಪಕಾರವಲ್ಲ.

ಮೂರನೆಯದು ಎಲ್ಲಕ್ಕಿಂತ ಅಪಾಯಕರ: ಮೀನು ಬದುಕಿದೆ, ಆದುದರಿಂದ ನೀರು ಚೆನ್ನಾಗಿದೆ. ಕೆ.ಸಿ. ವ್ಯಾಲಿ ಯೋಜನೆಯಡಿ 2018ರಿಂದ ಬೆಂಗಳೂರಿನ ಕೊಳಚೆ ನೀರು ಎರಡು ಹಂತಗಳಲ್ಲಿ ಮಾತ್ರ ಸಂಸ್ಕರಣೆಗೊಂಡು ಕೋಲಾರದ ಕೆರೆಗಳಿಗೆ ಬರುತ್ತಿದೆ. ಕೆ.ಜಿ.ಎಫ್.ನಲ್ಲಿ 2001ರಲ್ಲಿ ಗಣಿ ಮುಚ್ಚಿದ ಮೇಲೂ ಸೈನೈಡ್ ದಿಬ್ಬಗಳು ಉಳಿದಿವೆ. ಆಮ್ಲಜನಕವಿಲ್ಲದ ನೀರಿನಲ್ಲೂ ಮೇಲಿನ ಗಾಳಿಯನ್ನೇ ಉಸಿರಾಡಿ ಬದುಕುವ ಮೀನು ನೀರಿನ ಶುದ್ಧಿಗೆ ಸಾಕ್ಷಿಯಾಗಲಾರದು. ಆ ಸಾಕ್ಷಿಯನ್ನು ಪ್ರಯೋಗಾಲಯವೇ ನುಡಿಯಬೇಕು.

ಇದು ಬಯಲುಸೀಮೆಯ ಗೋಳು ಎಂದು ಗುಡ್ಡಗಾಡಿನವರು ಸುಮ್ಮನಿರುವಂತಿಲ್ಲ. 2018ರ ಪ್ರವಾಹದಲ್ಲಿ ಕೇರಳದ ಸಾಕಣೆ ಹೊಂಡಗಳು ಒಡೆದು ಪರದೇಶಿ ಮೀನುಗಳು ನದಿಗಳಿಗೆ ನುಗ್ಗಿದವು. 2021ರ ನವೆಂಬರಿನಲ್ಲಿ ಪಾಲಾರ್ ಕೂಡ ಉಕ್ಕಿ ಹರಿಯಿತು. ಬೆಟ್ಟದ ತೋಟದ ಮೂಲೆಯಲ್ಲಿ ತೋಡಿದ ಹೊಂಡವೂ ಒಂದು ಮಳೆಗಾಲದಲ್ಲಿ ಹಳ್ಳದ ಪಾಲಾಗಬಲ್ಲದು.

ಬಲೆ ಹಿಡಿದ ಬಡ ಬೆಸ್ತನನ್ನು ದೂರುವುದು ಸುಲಭ. ದೂರಬೇಕಾದುದು ಮರಿಗಳನ್ನು ಮಾರುವವರನ್ನು ಮತ್ತು ನೋಡಿಯೂ ನೋಡದಂತಿರುವ ಅಧಿಕಾರವನ್ನು. ಕೆರೆಯ ಮೀನು ಗುತ್ತಿಗೆ ನೀಡುವಾಗಲೇ ಬಿಡುವ ಮರಿ ಯಾವುದೆಂದು ಗ್ರಾಮಸಭೆಗೆ ತಿಳಿಸಬೇಕು. ಮರಿ ಬಿಡುವ ದಿನ ಊರಿನವರು ಏರಿಯ ಮೇಲಿರಬೇಕು. ಗಾಳಕ್ಕೆ ಬಿದ್ದ ಆಫ್ರಿಕನ್ ಕ್ಯಾಟ್‌ಫಿಶ್ ಮರಳಿ ನೀರಿಗೆ ಹೋಗಕೂಡದು. ಕೆರೆ ಗುತ್ತಿಗೆದಾರನದು ಕೆಲವು ವರ್ಷ ಮಾತ್ರ; ಕೋಡಿ ಹರಿದ ಮೇಲೆ ಅದು ಎಲ್ಲರದು.